ಬ್ಯಾಂಡ್ ಗುಡಿ ಸಾಬ್ರು

ನಮ್ಮೂರಿಗೆ ಬಂದು ಅವರ ಹೆಸರು ಹಿಡಿದು ವಿಚಾರಿಸಿದರೆ ಯಾರೂ ಮನೆ ತೋರಿಸುವುದಿಲ್ಲ. ಹೆಸರು ರೇಷನ್ ಕಾರ್ಡಿನಲ್ಲಿತ್ತು, ಓಟರ್ ಲಿಸ್ಟಿನಲ್ಲಿತ್ತು, ಅಷ್ಟೇ. ಊರಿಗೆಲ್ಲ ಅವರು ಬ್ಯಾಂಡ್ ಸಾಬ್ರು. ಮದುವೆಗೆ ಕರೆಯಲು ಬಂದವರೂ ಲಗ್ನಪತ್ರಿಕೆಯ ಮೇಲೆ ‘ಶ್ರೀ ಬ್ಯಾಂಡ್ ಸಾಬ್ರಿಗೆ’ ಎಂದೇ ಬರೆದುಕೊಂಡು ಬರುತ್ತಿದ್ದರು. ಆದ್ದರಿಂದ ನಾನೂ ಹೆಸರಿನ ತಂಟೆಗೆ ಹೋಗುವುದಿಲ್ಲ. ಈ ಯುಗಾದಿ ಕಳೆದ ಮೇಲೆ ಅವರು ತೀರಿಕೊಂಡರು. ಮೊನ್ನೆ ಅವರ ಬ್ಯಾಂಡ್ ಸೆಟ್ಟಿನ ಹುಡುಗರು ಊರಲ್ಲೊಂದು ಮದುವೆಗೆ ಬಾರಿಸುತ್ತ ಹೋದಾಗ ನಾನು ಬಾಗಿಲಿಗೆ ಬಂದು, ಎಲ್ಲರಿಗಿಂತ ಮುಂದೆ ನಡೆಯುವ ಆ ಬಿಳಿ ಗಡ್ಡಕ್ಕಾಗಿ ಹುಡುಕಿದೆ. ಆಮೇಲೆ ನೆನಪಾಗಿ ಒಳಗೆ ಬಂದೆ.

ನಾನು ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿದ್ದವಳು. ಕ್ಯಾಲನೂರಿನ ಆಚೆ, ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮೂರು. ಡೈರಿಯ ಎದುರಿಗೆ ಪಾರ್ಕು, ಪಾರ್ಕಿನ ಪಕ್ಕದ ಓಣಿಯಲ್ಲಿ ಸಾಬ್ರ ಮನೆ. ಅವರಿಗೆ ಎರಡು ಸೀಮೆಹಸು ಇದ್ದವು. ಮದುವೆ ಸೀಜನ್ನಿನಲ್ಲಿ ಬ್ಯಾಂಡು, ಉಳಿದ ಕಾಲಕ್ಕೆ ಹಸು. ದಿನಾ ಬೆಳಿಗ್ಗೆ ಹಾಲು ಹಿಡಿದುಕೊಂಡು ಬರುತ್ತಿದ್ದರು. ಬಂದವರು ತಮ್ಮ ಹಾಲು ಅಳೆಸಿಕೊಂಡು ಹೋಗಬೇಕಲ್ಲವೇ? ಇಲ್ಲ. ಸಾಲಿನಲ್ಲಿಟ್ಟಿದ್ದ ಎಲ್ಲರ ಕ್ಯಾನಿನ ಮೇಲೂ ಬೆರಳಿನಿಂದ ಒಂದೊಂದು ಸಲ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ತೀರ್ಪು ಕೊಡುತ್ತಿದ್ದರು.

“ಸೆಕ್ರೆಟ್ರಿ ಅಮ್ಮಾ, ಈ ಕ್ಯಾನು ಬೇಸುರು ಹೊಡೀತೈತೆ. ನೀರು ಬೆರ್ಸವ್ರೆ, ನೋಡ್ಕೊಳ್ಳಿ.”

ನಾನು ಲ್ಯಾಕ್ಟೋಮೀಟರ್ ಬಿಟ್ಟು ನೋಡಿದರೆ ಹಾಲು ಚೆನ್ನಾಗಿಯೇ ಇರುತ್ತಿತ್ತು. ಒಂದು ದಿನವಾದರೂ ಅವರು ಹೇಳಿದ್ದು ನಿಜವಾಗಲಿಲ್ಲ. ಹಾಲು ತಂದ ಹೆಂಗಸರು ಬಾಯಿಗೆ ಬಂದ ಹಾಗೆ ಬೈಯುವರು. ಸಾಬ್ರು ಕೊಂಚವೂ ಬೇಸರ ಮಾಡಿಕೊಳ್ಳದೆ, “ನಿಮ್ ಕಡ್ಡಿಗೆ ಕಿವಿ ಇಲ್ಲಮ್ಮಾ. ಪಾಪ, ಅದೇನ್ ಮಾಡ್ತೈತೆ” ಎಂದು ಲ್ಯಾಕ್ಟೋಮೀಟರಿನ ಮೇಲೆ ಕನಿಕರ ತೋರಿಸುವರು. ಒಂದು ಸಲ ಅವರ ಹಾಲೇ ನೀರು ಎಂದು ತೋರಿಸಿತು. ಈಗೇನು ಹೇಳುತ್ತೀರಿ ಎಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ಕ್ಯಾನು ತಟ್ಟಿ ಕೇಳಿ, “ಇದು ನಾನು ಹಾಕಿದ್ ನೀರಲ್ಲ, ಹಸು ಕುಡ್ದಿದ್ ನೀರು. ಅದ್ಕೂ ನಂಗೂ ಮಾತಿಲ್ಲ” ಎಂದು ನಡೆದೇಬಿಟ್ಟರು.

ಹಾಲು ತರುವಾಗ ಹಳೇ ಲುಂಗಿ, ತೋಳು ಹರಿದ ಬನಿಯನ್ನು. ಅದೇ ಮನುಷ್ಯ ಮದುವೆಯ ದಿನ ಹೊರಟರೆ ಗುರುತು ಸಿಗುತ್ತಿರಲಿಲ್ಲ. ಕೆಂಪು ಕೋಟು, ಭುಜದ ಮೇಲೆ ಜರಿ, ಬಿಳಿ ಪ್ಯಾಂಟು, ತಲೆಗೆ ಟೋಪಿ, ಕಾಲಿಗೆ ಕಪ್ಪು ಬೂಟು. ಕೋಟಿನ ಜರಿ ಕಿತ್ತು ಹೋಗಿದ್ದರೆ ಅವರು ಹೇಗೋ ಸಹಿಸುವರು. ಬೂಟಿನ ಮೇಲೆ ಧೂಳು ಕೂತರೆ ಆಗುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಬೂಬಮ್ಮ ಎನ್ನುತ್ತಿದ್ದೆವು. “ಮದ್ವೆ ಆದ ಹೊಸದ್ರಲ್ಲಿ ನನ್ ಮುಖ ನೋಡೋಕಿಂತ ಮುಂಚೆ ಬೂಟು ನೋಡ್ಕೋತಿದ್ರು” ಎಂದು ಆಕೆ ಇವತ್ತಿಗೂ ದೂರುವುದುಂಟು. ಸೆಟ್ಟಿನ ಹುಡುಗ ಯಾರಾದರೂ ಚಪ್ಪಲಿಯಲ್ಲಿ ಬಂದರೆ ಅವನು ಆ ದಿನ ಬಾರಿಸುವ ಹಾಗಿಲ್ಲ, ಊಟ ಮಾಡಿಕೊಂಡು ವಾಪಸ್ಸು ಹೋಗಬೇಕು. “ಬೂಟಿಲ್ದಿರೋ ಬ್ಯಾಂಡು ಬ್ಯಾಂಡಲ್ಲ ಕಣೋ, ಗಲಾಟೆ” ಎನ್ನುವರು.

ಈ ಬೂಟಿನ ಹಟಕ್ಕೆ ಕಾರಣ ಪಾರ್ಕಿನಲ್ಲಿದೆ. ಅದನ್ನು ಹೇಳದೆ ಸಾಬ್ರ ಬಗ್ಗೆ ಬರೆದರೆ ಉಪ್ಪಿಲ್ಲದ ಸಾರು ಬಡಿಸಿದಂತೆ.

ನಮ್ಮ ಪಾರ್ಕಿನ ನಡುವೆ ಒಂದು ಕಲ್ಲಿನ ಮಂಟಪ ಇದೆ. ಎಂಟು ಮೂಲೆ, ಎಂಟು ಕಂಬ, ಮೇಲೆ ಕಲ್ಲಿನದೇ ಚಾವಣಿ, ಹತ್ತಲು ಮೆಟ್ಟಿಲು. ಕಟ್ಟಿಸಿದ್ದು ಬ್ಯಾಂಡ್ ಸ್ಟ್ಯಾಂಡು ಎಂದು. ಊರಿನ ಬಾಯಲ್ಲಿ ಅದು ಬ್ಯಾಂಡ್ ಗುಡಿ. ಮಹಾರಾಜರ ಕಾಲದಲ್ಲಿ ನಮ್ಮೂರು ಜೋಡಿದಾರರದು, ಎಂದರೆ ಊರಿಗೆ ಊರೇ ಅವರ ಉಂಬಳಿ. ಆ ಜೋಡಿದಾರರು ಬೆಂಗಳೂರಿಗೆ ಹೋದಾಗ ಅಲ್ಲಿನ ಪಾರ್ಕಿನಲ್ಲಿ ಸಾಯಂಕಾಲ ಬ್ಯಾಂಡು ಬಾರಿಸುವುದನ್ನು ಕೇಳಿ ಮನಸೋತರಂತೆ. ನಮ್ಮೂರಲ್ಲೂ ಒಂದು ಪಾರ್ಕು ಆಗಬೇಕು, ಅದರಲ್ಲೊಂದು ಬ್ಯಾಂಡ್ ಸ್ಟ್ಯಾಂಡು ಆಗಬೇಕು ಎಂದು ಹಟ ಹಿಡಿದು ಮಾಲೂರು ಕಡೆಯ ಶಿವಾರಪಟ್ಟಣದಿಂದ ಕಲ್ಲುಕೆಲಸದವರನ್ನು ಕರೆಸಿದರು.

ಶಿವಾರಪಟ್ಟಣದವರು ತಲೆತಲಾಂತರದಿಂದ ದೇವರನ್ನು ಕೆತ್ತುತ್ತ ಬಂದವರು. ಬ್ಯಾಂಡನ್ನು ಅವರು ಕಂಡಿದ್ದರೋ ಇಲ್ಲವೋ. “ಮಂಟಪ ಸರಿ ಸ್ವಾಮಿ, ಒಳಗೆ ಯಾರನ್ನ ಕೂರಿಸ್ತೀರಿ?” ಎಂದು ಕೇಳಿದರಂತೆ. ಜೋಡಿದಾರರು ಕವಿಹೃದಯದವರು. “ಸಂಗೀತವನ್ನ ಕೂರಿಸ್ತೀನಪ್ಪಾ” ಎಂದರು. ಸಂಗೀತ ಎಂದರೆ ಸರಸ್ವತಿ ಎಂದುಕೊಂಡರೋ ಏನೋ, ಅವರು ಕಂಬಗಳಿಗೆ ಹಂಸ ಬಿಡಿಸಿದರು, ನೆಲವನ್ನು ಒಂದು ಕಡೆಗೆ ಇಳಿಜಾರು ಮಾಡಿದರು, ಅಭಿಷೇಕದ ನೀರು ಹರಿದು ಹೊರಗೆ ಬೀಳಲು ಹಸುವಿನ ಮುಖದ ಗೋಮುಖವನ್ನೂ ಇಟ್ಟರು. ಜೋಡಿದಾರರು ನೋಡುವ ಹೊತ್ತಿಗೆ ಕೆಲಸ ಮುಗಿದಿತ್ತು. ಚೆನ್ನಾಗಿದೆಯಲ್ಲ ಎಂದು ಅವರೂ ಸುಮ್ಮನಾದರು.

ಆರಂಭೋತ್ಸವಕ್ಕೆ ಚಿನ್ನದ ಗಣಿಯ ಕಡೆಯಿಂದ ಬ್ಯಾಂಡು ಬಂತು. ಕೆಂಪು ಕೋಟು, ಕಪ್ಪು ಬೂಟು. ಊರಿಗೆ ಊರೇ ಪಾರ್ಕಿನಲ್ಲಿ ನೆರೆದಿತ್ತು. ಬ್ಯಾಂಡಿನವರು ಇನ್ನೇನು ಮೆಟ್ಟಿಲು ಹತ್ತಬೇಕು, ಜೋಡಿದಾರರ ತಾಯಿ ಅಡ್ಡ ಬಂದರು. ಗೋಮುಖ ಇರುವ ಜಾಗಕ್ಕೆ ಚಪ್ಪಲಿ ಕಾಲಿಡುವುದುಂಟೇ? ಬಿಚ್ಚಿ ಹತ್ತಿ ಎಂದರು. ಬ್ಯಾಂಡಿನ ಮುಖ್ಯಸ್ಥ ಬಿಚ್ಚುವುದಿಲ್ಲ ಎಂದ. ಬೂಟು ಯೂನಿಫಾರಮ್ಮಿನ ಭಾಗ, ದೊರೆಗಳ ಮುಂದೆಯೂ ಬಿಚ್ಚಿಲ್ಲ, ಬಿಚ್ಚಿದರೆ ಬ್ಯಾಂಡಿಗೆ ಅವಮಾನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಬ್ಯಾಂಡು ಹುಣಸೇಮರದ ಕೆಳಗೆ ನಿಂತು ಬಾರಿಸಿ ಹೊರಟುಹೋಯಿತು. ಬ್ಯಾಂಡ್ ಸ್ಟ್ಯಾಂಡು ಖಾಲಿ ಉಳಿಯಿತು. ಆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದವರು ನಮ್ಮ ಸಾಬ್ರ ತಾತ. ಆಮೇಲೆ ಅವರು ನಮ್ಮೂರಿನ ಹೆಣ್ಣನ್ನೇ ಮದುವೆಯಾಗಿ ಇಲ್ಲೇ ನೆಲೆನಿಂತರು.

ಇದಕ್ಕೆಲ್ಲ ಆಧಾರ ಕೇಳಿದರೆ ನನ್ನ ಹತ್ತಿರ ಇಲ್ಲ. ಸಾಬ್ರು ಹೇಳಿದ್ದನ್ನೂ ಜೋಡಿದಾರರ ಮೊಮ್ಮಗ ಹೇಳಿದ್ದನ್ನೂ ಕಲಸಿ ನಿಮಗೆ ಬಡಿಸುತ್ತಿದ್ದೇನೆ. ಮೊಮ್ಮಗನ ಕಥೆಯಲ್ಲಿ ಅವರ ಮುತ್ತಜ್ಜಿ ಕೈ ಮುಗಿದು ಬೇಡಿಕೊಂಡರು. ಸಾಬ್ರ ಕಥೆಯಲ್ಲಿ ಅದೇ ಮುತ್ತಜ್ಜಿಯ ಕೈಯಲ್ಲಿ ಒನಕೆ ಇತ್ತು. ಕೇಳುವವರು ಹೊಸಬರಾದರೆ ಒನಕೆ ಇನ್ನೂ ಉದ್ದವಾಗುತ್ತಿತ್ತು. ಬ್ಯಾಂಡು ಅವತ್ತು ಮೇಲೆ ಹತ್ತಲಿಲ್ಲ ಎನ್ನುವ ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ತಕರಾರಿರಲಿಲ್ಲ.

ಅಲ್ಲಿಂದ ಮುಂದೆ ಬ್ಯಾಂಡ್ ಗುಡಿಗೆ ಚಪ್ಪಲಿ ಬಿಟ್ಟು ಹತ್ತುವುದು ಊರಿನ ಪದ್ಧತಿಯಾಯಿತು. ಒಳಗೆ ದೇವರಿಲ್ಲ, ಪೂಜೆಯಿಲ್ಲ, ಆದರೆ ಚಪ್ಪಲಿ ಮಾತ್ರ ಮೆಟ್ಟಿಲ ಕೆಳಗೆ. ಪೋಲಿಯೋ ಹನಿ ಹಾಕುವ ನರ್ಸಮ್ಮ ಚಪ್ಪಲಿ ಬಿಟ್ಟೇ ಹತ್ತಬೇಕು. ಆಧಾರ್ ತಿದ್ದುಪಡಿಗೆ ಕಂಪ್ಯೂಟರ್ ಇಟ್ಟುಕೊಂಡು ಬಂದವನೂ ಹಾಗೆಯೇ. ಡೈರಿಯ ವಾರ್ಷಿಕ ಸಭೆ ಅಲ್ಲೇ ನಡೆದಾಗ ಮೇಲಿನಿಂದ ಬಂದ ಸಾಹೇಬರು ಹರಿದ ಸಾಕ್ಸಿನಲ್ಲಿ ಹೆಬ್ಬೆರಳು ಕಾಣಿಸುತ್ತ ಭಾಷಣ ಮಾಡಿದ್ದನ್ನು ನಾನೇ ಕಂಡಿದ್ದೇನೆ. ನಾಯಿಗಳಿಗೆ ಮಾತ್ರ ಯಾವ ನಿಯಮವೂ ಇರಲಿಲ್ಲ.

ಸಾಬ್ರೂ ದಿನಾ ಹತ್ತುತ್ತಿದ್ದರು, ಎಲ್ಲರ ಹಾಗೆ ಬರಿಗಾಲಿನಲ್ಲಿ. ಬೆಳಿಗ್ಗೆ ಹಾಲು ಹಾಕಿದ ಮೇಲೆ ಗುಡಿ ಗುಡಿಸುವರು. ಯಾರೂ ಹೇಳಿದ್ದಲ್ಲ, ಯಾರೂ ಕೂಲಿ ಕೊಟ್ಟಿದ್ದಲ್ಲ. ಸಾಯಂಕಾಲ ಜೋಡಿದಾರರ ಮೊಮ್ಮಗನ ಜೊತೆ ಅದೇ ಕಟ್ಟೆಯ ಮೇಲೆ ಕೂತು ಪೇಪರ್ ಓದಿಸಿಕೊಳ್ಳುವರು. ಇಬ್ಬರೂ ಒಂದೇ ಸ್ಕೂಲಿನಲ್ಲಿ ಒಂದೇ ಮಣೆಯ ಮೇಲೆ ಕೂತವರು. ಆದರೆ ಕ್ಲಾರಿನೆಟ್ ಹಿಡಿದು ಮಾತ್ರ ಸಾಬ್ರು ಒಂದು ದಿನವೂ ಆ ಮೆಟ್ಟಿಲು ಹತ್ತಲಿಲ್ಲ. ನಾನು ಒಮ್ಮೆ ಕೇಳಿದೆ, ಬರಿಗಾಲಿನಲ್ಲಿ ಹೇಗೂ ಹತ್ತುತ್ತೀರಿ, ಹಾಗೇ ಕೂತು ಒಂದು ಹಾಡು ನುಡಿಸಿದರೆ ಏನು ಗಂಟು ಹೋಗುತ್ತೆ ಅಂತ.

“ನಾನು ಬಂದ್ರೆ ಬರಿಗಾಲಲ್ಲಿ ಬರ್ತೀನಮ್ಮಾ, ಅದು ನಮ್ ಊರು, ನಮ್ ಮರ್ಯಾದೆ. ಬ್ಯಾಂಡು ಬಂದ್ರೆ ಬೂಟಲ್ಲೇ ಬರ್ಬೇಕು. ಅದು ಬ್ಯಾಂಡಿನ ಮರ್ಯಾದೆ. ನಮ್ ದಾದಾ ಹುಣಸೇಮರದ ಕೆಳಗೆ ನಿಂತ್ಕೊಂಡ್ರಲ್ಲ, ನಾನು ಬಿಚ್ಚಿ ಹತ್ತಿದ್ರೆ ಅವ್ರು ನಿಂತಿದ್ದು ಸುಳ್ಳಾಗೋಗ್ತೈತೆ.”

ಹಾಗಂತ ಆಸೆ ಇರಲಿಲ್ಲವೇ? ಇತ್ತು, ಬೆಟ್ಟದಷ್ಟಿತ್ತು. ಅಲ್ಲಿ ಬ್ಯಾಂಡು ನುಡಿಯಬೇಕು ಎನ್ನುವುದು ಬಿಟ್ಟು ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಲಿಲ್ಲ. ಊರಿನ ಯಾವ ಮೆರವಣಿಗೆಯೇ ಆಗಲಿ, ಪಾರ್ಕಿನ ಗೇಟಿಗೆ ಬಂದರೆ ಸಾಬ್ರು ಸೆಟ್ಟನ್ನು ನಿಲ್ಲಿಸಿ, ರಸ್ತೆಯಲ್ಲೇ ಗುಡಿಯ ಕಡೆ ತಿರುಗಿ ಒಂದು ಹಾಡು ಪೂರ್ತಿ ನುಡಿಸುವರು. ಕುದುರೆಯ ಮೇಲೋ ಕಾರಿನಲ್ಲೋ ಕೂತ ಮದುವೆ ಗಂಡು ಬೆವರುತ್ತ ಕಾಯಬೇಕು. ಒಂದು ಸಲ ಮುಳಬಾಗಿಲು ಕಡೆಯಿಂದ ಬಂದಿದ್ದ ಹೆಣ್ಣಿನ ಸೋದರಮಾವ ರೇಗಿ, “ಏಮಯ್ಯಾ ಸಾಯಿಬೂ, ಲಗ್ನಂ ದಾಟಿಪೋತಾ ಉಂದಿ!” ಎಂದು, ಲಗ್ನ ಮೀರಿ ಹೋಗುತ್ತಿದೆ ಎಂದು ತೆಲುಗಿನಲ್ಲಿ ಕೂಗಿದ. ಸಾಬ್ರು ಹಾಡು ಮುಗಿಸಿ, ಕ್ಲಾರಿನೆಟ್ ಒರೆಸಿಕೊಂಡು, “ಎಲ್ಲಿಗ್ ಹೋಗ್ತೈತೆ ಮಾವಯ್ಯಾ ಲಗ್ನ? ನಂದು ಆಗಿ ಇಷ್ಟು ವರ್ಷ ಆಯ್ತು, ಇನ್ನೂ ಮನೇಲೇ ಐತೆ” ಎಂದರು. ಆ ಮಾವನೂ ನಕ್ಕುಬಿಟ್ಟ.

ಸಂಧಾನದ ಪ್ರಯತ್ನಗಳೂ ಆದವು. ಅಂಗಡಿಯಿಂದ ತಂದ, ಇನ್ನೂ ನೆಲ ಮುಟ್ಟದ ಹೊಸ ಬೂಟು ಹಾಕಿಕೊಂಡರೆ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಜೋಡಿದಾರರ ಮೊಮ್ಮಗ ತುಂಬ ಯೋಚನೆ ಮಾಡಿ, “ಹೊಸದಾದ್ರೇನು, ತೊಗಲು ತೊಗಲೇ ಅಲ್ವೇನಮ್ಮಾ” ಎಂದರು. ಮನುಷ್ಯ ಕೆಟ್ಟವರಲ್ಲ. ಸಾಬ್ರ ಮನೆಗೆ ಅಕ್ಕಿ ಮುಗಿದಿದೆ ಎಂದು ಗೊತ್ತಾದರೆ ಕೇಳದೆ ಕಳಿಸುವವರು. ಆದರೆ ಮುತ್ತಜ್ಜಿಯ ಮಾತು ಎಂದರೆ ಅವರಿಗೆ ಮುಗಿಯಿತು. ಕಡೆಗೆ ಅವರೇ ಒಂದು ಉಪಾಯ ಹುಡುಕಿದರು.

“ನೋಡೋ ಸಾಬೂ, ಕ್ಯಾನ್ವಾಸ್ ಶೂ ಇದೆಯಲ್ಲ, ಸ್ಕೂಲ್ ಹುಡುಗ್ರು ಹಾಕ್ಕೊಳೋದು, ಬಟ್ಟೇದು. ಅದನ್ನ ಹಾಕ್ಕೊಂಡು ಹತ್ತು. ಅದ್ರಲ್ಲಿ ತೊಗಲಿಲ್ಲ. ಮುತ್ತಜ್ಜಿ ಮಾತೂ ಉಳೀತು, ನಿನ್ ಮಾತೂ ಉಳೀತು.”

“ಸ್ವಾಮಿ, ಕೆಂಪು ಕೋಟಿಗೆ ಕ್ಯಾನ್ವಾಸ್ ಶೂ ಹಾಕ್ಕೊಂಡ್ರೆ ನಾನು ಬ್ಯಾಂಡ್ ಮಾಸ್ಟ್ರಾಗ್ತೀನಾ, ಡ್ರಿಲ್ ಮಾಸ್ಟ್ರಾಗ್ತೀನಾ? ನೀನೇ ಹೇಳು.”

“ಮೊಂಡ ಕಣೋ ನೀನು.”

“ನಿಮ್ ಮುತ್ತಜ್ಜಿಗಿಂತ ಕಮ್ಮಿ.”

ಅಲ್ಲಿಗೆ ಅಂದಿನ ಸಂಧಾನ ಮುಗಿದು ಇಬ್ಬರೂ ಪೇಪರಿಗೆ ತಿರುಗಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಒಬ್ಬರಿಗೆ ಬಿಟ್ಟರೆ ಮರ್ಯಾದೆ, ಇನ್ನೊಬ್ಬರಿಗೆ ಹಾಕಿಕೊಂಡರೆ ಮರ್ಯಾದೆ, ನಡುವೆ ಒಂದು ಒಳ್ಳೇ ಕಲ್ಲಿನ ಮಂಟಪ ಮೂಕವಾಗಿ ಕೂತಿದೆ. ಗಂಡಸರ ಹಟ ಎಂದು ಗೊಣಗಿಕೊಂಡು ನಾನು ಫ್ಯಾಟ್ ಟೆಸ್ಟಿಗೆ ಕೂರುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಮದುವೆಗಳಿಗೆ ಡಿಜೆ ಬಂತು. ಸಾಬ್ರ ಸೆಟ್ಟಿಗೆ ಕರೆ ಕಡಿಮೆಯಾಯಿತು. ಅವರು ಡಿಜೆಯನ್ನು ಬೈಯಲಿಲ್ಲ. “ಅದ್ಕೆ ಉಸ್ರು ಇಲ್ಲ, ಪಾಪ” ಎಂದಷ್ಟೇ ಹೇಳುವರು. ಅಷ್ಟರಲ್ಲಿ ನಾನೂ ಡೈರಿಯಿಂದ ನಿವೃತ್ತಿಯಾದೆ. ಸಾಬ್ರಿಗೆ ಶುಗರ್ ಇತ್ತು. ಬೂಬಮ್ಮ ಎಷ್ಟು ಕಾವಲು ಕಾದರೂ ಮದುವೆ ಮನೆಯ ಹೋಳಿಗೆಯನ್ನು ಅವರು ಬಿಟ್ಟವರಲ್ಲ. ಬಲಗಾಲಿಗೆ ಬೂಟು ಕಚ್ಚಿ ಆದ ಗಾಯವನ್ನು ಯಾರಿಗೂ ಹೇಳದೆ ಎರಡು ಮದುವೆ ನುಡಿಸಿ ಬಂದರು. ಗೊತ್ತಾಗುವ ಹೊತ್ತಿಗೆ ಕಾಲು ಕಪ್ಪಾಗಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಬೆರಳುಗಳನ್ನು ತೆಗೆಯಬೇಕಾಯಿತು. ಪಾದ ಉಳಿದಿದ್ದೇ ಹೆಚ್ಚು ಎಂದರು ಡಾಕ್ಟರು.

ಅದೇ ಸಮಯಕ್ಕೆ ಪಂಚಾಯ್ತಿಯವರು ಪಾರ್ಕಿಗೆ ಕೈ ಹಚ್ಚಿದ್ದರು. ಈಗಿನ ಅಧ್ಯಕ್ಷೆ ವಯಸ್ಸಿನಲ್ಲಿ ಚಿಕ್ಕವಳು, ನನ್ನನ್ನು ಅತ್ತೆ ಎನ್ನುತ್ತಾಳೆ. ಸುತ್ತ ಟೈಲ್ಸು ಹಾಕಿಸಿದಳು, ಕೈಕಾಲು ಆಡಿಸುವ ನೀಲಿ ಹಳದಿ ಜಿಮ್ ಯಂತ್ರ ನಿಲ್ಲಿಸಿದಳು, ಬ್ಯಾಂಡ್ ಗುಡಿಗೆ ಬಳಿದಿದ್ದ ಹಳೇ ಸುಣ್ಣ ಕೆರೆಸಿ ಕಲ್ಲು ತೊಳೆಸಿದಳು. ಹಂಸಗಳನ್ನು ನಾನು ಅಷ್ಟು ಚೆನ್ನಾಗಿ ಕಂಡದ್ದು ಅವತ್ತೇ. “ಓಪನಿಂಗ್ ದಿನ ಸಾಬ್ ತಾತನ ಬ್ಯಾಂಡು ಮೇಲೆ ಹತ್ತಿ ನುಡಿಸ್ಬೇಕು ಅತ್ತೆ. ಬೂಟಲ್ಲೇ ಹತ್ಲಿ. ದೇವ್ರೇ ಇಲ್ದಿರೋ ಗುಡಿಗೆ ಎಂಥಾ ಮಡಿ?” ಎಂದಳು. ಜೋಡಿದಾರರ ಮೊಮ್ಮಗ ಒಪ್ಪದಿದ್ದರೆ ಎಂದು ನಾನು ಕೇಳಿದೆ. ಇಬ್ಬರೂ ಅವರ ಮನೆಗೆ ಹೋದರೆ ಅವರು ಆಗಲೇ ಸಾಬ್ರ ಮನೆಗೆ ಹೊರಟು ಅಂಗಿ ಹಾಕಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಗೆಳೆಯನ ಕಾಲು ನೋಡಿ ಬಂದ ಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ಎಲ್ಲರೂ ಜೊತೆಯಾಗಿ ಹೋದೆವು.

ಸಾಬ್ರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲಿಗೆ ದಪ್ಪ ಕಟ್ಟು. ಮಂಚದ ಕೆಳಗೆ ಬೂಟು ಜೋಡಿಯಾಗಿ ಕೂತಿತ್ತು.

“ಬೂಟಲ್ಲೇ ಹತ್ತೋ ಸಾಬೂ” ಎಂದರು ಜೋಡಿದಾರರ ಮೊಮ್ಮಗ, ಕುರ್ಚಿಯಲ್ಲಿ ಕೂರುವ ಮೊದಲೇ. “ನಾನೇ ಹೇಳ್ತಿದೀನಿ. ಮುತ್ತಜ್ಜಿಗೆ ಮೇಲೆ ಹೋದ್ಮೇಲೆ ನಾನು ಉತ್ತರ ಹೇಳ್ಕೋತೀನಿ.”

ಸಾಬ್ರು ಗೆಳೆಯನ ಮುಖ ನೋಡಿದರು. ಆಮೇಲೆ ತಮ್ಮ ಕಾಲು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಗಾದೆ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಸ್ವಾಮಿ, ಹೋದ್ ವರ್ಷ ಬರ್ಬಾರ್ದಾಗಿತ್ತಾ?”

ನಾನು ಮಧ್ಯೆ ಬಾಯಿ ಹಾಕಿದೆ. “ಆಗಿದ್ದಾಯ್ತು ಸಾಬ್ರೇ. ಈಗ ಕಾಲಿಗೆ ಬೂಟು ಹತ್ತಲ್ಲ, ಸರಿ. ಕಟ್ಟು ಹಾಕಿರೋ ಕಾಲಲ್ಲೇ ಹತ್ತಿ. ಯಾರು ಬೇಡ ಅಂತಾರೆ? ನಾವೇ ಎತ್ತಿ ಕೂರಿಸ್ತೀವಿ.”

“ನಕ್ಕೋ ಅಮ್ಮಾ, ಬ್ಯಾಡ. ನಾನು ಬೂಟು ಬಿಡೋದು ಬೇರೆ, ಬೂಟೇ ನನ್ನ ಬಿಡೋದು ಬೇರೆ. ಹುಡುಗ್ರು ಹತ್ಲಿ, ಬೂಟಲ್ಲಿ ಹತ್ಲಿ, ಚೆನ್ನಾಗ್ ನುಡಿಸ್ಲಿ. ನಾನು ಕೆಳಗೆ ಕೂತ್ಕೊಂಡು ಕೇಳ್ತೀನಿ. ನಮ್ ದಾದಾನೂ ಕೆಳಗೇ ಇದ್ರಲ್ಲ.”

“ಡಾಕ್ಟ್ರು ಬೆರಳು ತೆಗೆದ್ರು, ಹಟ ತೆಗೀಲಿಲ್ಲ” ಎಂದು ಬೂಬಮ್ಮ ಒಳಗಿನಿಂದ ಕೂಗಿದರು. ನಾವು ಟೀ ಕುಡಿದು ಎದ್ದು ಬಂದೆವು.

ಓಪನಿಂಗ್ ದಿನ ಸಾಯಂಕಾಲ ಪಾರ್ಕು ತುಂಬಿತ್ತು. ಹಾಲು ಹಾಕಿ ಕ್ಯಾನು ಹಿಡಿದುಕೊಂಡೇ ಬಂದವರಿದ್ದರು. ಸಾಬ್ರನ್ನು ಆಟೋದಲ್ಲಿ ಕರೆತಂದು ಗುಡಿಯ ಎದುರಿಗೆ ಕುರ್ಚಿಯಲ್ಲಿ ಕೂರಿಸಿ, ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಇರಿಸಿದ್ದೆವು. ಕೆಂಪು ಕೋಟು ಹಾಕಿಕೊಂಡೇ ಬಂದಿದ್ದರು. ಎಡಗಾಲಿಗೆ ಒಂದು ರಬ್ಬರ್ ಚಪ್ಪಲಿ. ಆ ಕೋಟಿನ ಕೆಳಗೆ ಆ ಚಪ್ಪಲಿ ನೋಡಲಾರದೆ ನಾನು ಬೇರೆ ಕಡೆ ತಿರುಗಿದೆ.

ಸೆಟ್ಟಿನ ಹುಡುಗರು ಸಾಲಾಗಿ ಬಂದರು. ಬೂಟು ಪಳಪಳ ಹೊಳೆಯುತ್ತಿತ್ತು, ಹಿಂದಿನ ದಿನ ಸಾಬ್ರೇ ಮಂಚದ ಮೇಲೆ ಕೂತು ಒಂದೊಂದನ್ನೂ ಪರೀಕ್ಷೆ ಮಾಡಿದ್ದರು. ಮುಂದೆ ದೊಡ್ಡ ಡ್ರಮ್ಮಿನವನು. ಅವನು ನಮ್ಮ ಬೀದಿಯವನೇ, ಹುಟ್ಟಿದಾಗಿನಿಂದ ಆ ಗುಡಿಯ ಮೇಲೆ ಆಡಿ ಬೆಳೆದವನು. ಹೊಟ್ಟೆಯ ಮೇಲೆ ಡ್ರಮ್ಮು ಹೊತ್ತು ಮೆಟ್ಟಿಲ ಹತ್ತಿರ ಬಂದ. ಬಲಗಾಲು ಎತ್ತಿದ. ಎತ್ತಿದ ಕಾಲು ಮೆಟ್ಟಿಲ ಮೇಲೆ ಇಳಿಯಲೇ ಇಲ್ಲ. ಹಾಗೇ ಹಿಂದಕ್ಕಿಟ್ಟ. ಡ್ರಮ್ಮು ಕೆಳಗಿಳಿಸಿ, ಬಗ್ಗಿ ಲೇಸು ಬಿಚ್ಚಲು ಶುರು ಮಾಡಿದ.

“ಅಣ್ಣಾ, ಹಾಕ್ಕೊಂಡೇ ಹತ್ತಿ, ಎಲ್ರೂ ಒಪ್ಪವ್ರೆ” ಎಂದಳು ಅಧ್ಯಕ್ಷೆ.

ಅವನ ಮುಖ ಕೆಂಪಾಯಿತು. “ಗೊತ್ತಕ್ಕಾ. ಕಾಲು ಏಳ್ತಿಲ್ಲ” ಎಂದ.

ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವನ ಹಿಂದೆ ಇದ್ದ ಟ್ರಂಪೆಟ್ಟಿನವನು ನಗಲಿಲ್ಲ. ಅವನು ಸಾಬ್ರ ಸ್ಟೂಲಿನ ಕಡೆಗೆ, ಆ ಕಟ್ಟಿದ ಕಾಲಿನ ಕಡೆಗೆ ನೋಡುತ್ತಿದ್ದ. ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನೂ ಬಗ್ಗಿದ. ಆಮೇಲೆ ಸೈಡ್ ಡ್ರಮ್ಮಿನವರು. ಆಮೇಲೆ ಉಳಿದವರು. ಒಬ್ಬರಾದ ಮೇಲೆ ಒಬ್ಬರು ಬೂ‌ಟು ಬಿಚ್ಚಿ, ಸಾಕ್ಸು ಮಡಚಿ ಅದರೊಳಗಿಟ್ಟು, ಮೆಟ್ಟಿಲ ಪಕ್ಕದಲ್ಲಿ ಸಾಲಾಗಿ ಜೋಡಿಸಿದರು. ನಗು ನಿಂತುಹೋಯಿತು. ಮೇಲೆ ಹತ್ತಿ ಕಂಬಗಳ ನಡುವೆ ನಿಂತರು. ಎಲ್ಲರದೂ ಕೆಂಪು ಕೋಟು, ಎಲ್ಲರದೂ ಬರಿಗಾಲು. ನಿಂತರೇ ಹೊರತು ಬಾರಿಸಲಿಲ್ಲ.

ಸಾಬ್ರು ಕೂಗಾಡುತ್ತಾರೆ ಎಂದು ನಾನು ಕಾದೆ. ಊಟ ಮಾಡಿ ಹೋಗ್ರೋ ಎನ್ನುತ್ತಾರೆ ಎಂದುಕೊಂಡೆ. ಅವರು ಆ ಕಾಲುಗಳನ್ನು ಒಂದೊಂದಾಗಿ ನೋಡಿದರು. ನೋಡಿ ಮುಗಿದ ಮೇಲೆ ಎಡಗಾಲಿನ ರಬ್ಬರ್ ಚಪ್ಪಲಿಯನ್ನು ಒದರಿ ಪಕ್ಕಕ್ಕೆ ಹಾಕಿದರು.

“ನಂದೆಲ್ಲಿ?” ಎಂದರು.

ಕ್ಲಾರಿನೆಟ್ಟನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಗಾಬರಿಯಿಂದ ಮನೆಯ ಕಡೆಗೆ ಓಡಲು ನೋಡಿದೆ. ಬೂಬಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ಸೆರಗಿನ ಮರೆಯಿಂದ ಬಟ್ಟೆಯ ಚೀಲ ತೆಗೆದರು. ಯಾರಿಗೂ ಹೇಳದೆ ತಂದಿದ್ದರು. ಜೋಡಿದಾರರ ಮೊಮ್ಮಗ ಒಂದು ಕಡೆ, ದೊಡ್ಡ ಡ್ರಮ್ಮಿನವನು ಇಳಿದು ಬಂದು ಇನ್ನೊಂದು ಕಡೆ, ಸಾಬ್ರನ್ನು ಕುರ್ಚಿಯ ಸಮೇತ ಎತ್ತಿಕೊಂಡರು. ಆ ವಯಸ್ಸಿನಲ್ಲಿ ಮೊಮ್ಮಗ ಏದುಸಿರು ಬಿಡುತ್ತ, “ಲೋ ಸಾಬೂ, ಹೋಳಿಗೆ ಕಮ್ಮಿ ತಿನ್ಬಾರ್ದಾಗಿತ್ತೇನೋ” ಎಂದು ಬೈಯುತ್ತಲೇ ಹತ್ತಿದರು. ಅವರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮೊದಲ ಸ್ವರ ಒಡೆಯಿತು. ಆಸ್ಪತ್ರೆಗೆ ಹೋದಾಗಿನಿಂದ ಊದಿರಲಿಲ್ಲವಲ್ಲ. ತುಟಿ ಒದ್ದೆ ಮಾಡಿಕೊಂಡು ಮತ್ತೆ ಹಿಡಿದರು. ಅವರು ನುಡಿಸಿದ್ದು ಏನೋ ದೊಡ್ಡ ಸಂಗೀತವಲ್ಲ. ಮದುವೆ ಮದುವೆಯಲ್ಲೂ ಕೇಳಿ ಕೇಳಿ ನಮಗೆಲ್ಲ ಬೇಸರ ಬಂದಿದ್ದ ಹಾಡು. ಆದರೆ ಆ ಕಲ್ಲಿನ ಚಾವಣಿಯ ಕೆಳಗೆ ಅದು ತುಂಬಿಕೊಂಡು ಹೊರಬಂದಾಗ ಇದು ಅದೇ ಹಾಡೇ ಎನ್ನಿಸಿತು. ಸೆಟ್ಟೆಲ್ಲ ಸೇರಿಕೊಂಡಿತು. ನಾನು ಅತ್ತುಬಿಟ್ಟೆ. ಅಕ್ಕಪಕ್ಕದವರೂ ಅಳುತ್ತಿದ್ದರು. ಕತ್ತಲಾಗುವ ತನಕ ನುಡಿಸಿದರು, ಅಧ್ಯಕ್ಷೆಗೆ ಭಾಷಣ ಮಾಡಲು ಅವಕಾಶವೇ ಸಿಗಲಿಲ್ಲ.

ಎಲ್ಲ ಮುಗಿದು ಜನ ಕರಗಿದ ಮೇಲೆ ನಾನು ಮೇಲೆ ಹತ್ತಿ ಅವರ ಪಕ್ಕ ಕೂತೆ. ಕ್ಲಾರಿನೆಟ್ಟನ್ನು ಬಿಚ್ಚಿ ಒರೆಸುತ್ತಿದ್ದರು. ಇಷ್ಟು ಚೆಂದದ್ದನ್ನು ಇಷ್ಟು ವರ್ಷ ನಮಗೆ ಕೇಳಿಸದೆ ಇಟ್ಟರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇತ್ತು. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಹಾಗೆ ಕೇಳುತ್ತಿರಲಿಲ್ಲ.

“ಕೊನೆಗೂ ಬರಿಗಾಲಲ್ಲೇ ಹತ್ತಿದ್ರಿ ಸಾಬ್ರೇ. ಈ ಬುದ್ಧಿ ಮೊದ್ಲೇ ಬಂದಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?”

ಅವರು ಕೆಳಗೆ ಸಾಲಾಗಿಟ್ಟ ಬೂಟುಗಳನ್ನು ನೋಡುತ್ತಿದ್ದರು.

“ಆವಾಗ ಬಿಚ್ಚು ಅಂದ್ರು ಅಮ್ಮಾ,” ಎಂದರು. “ಇವತ್ತು ಯಾರೂ ಅನ್ಲಿಲ್ಲ.”